ತಿಮ್ಮೇಶನ ಜಿಲೇಬಿ ಫೋಟೊ

ದಂಡ ಕಟ್ಟಿದ ಮಾತ್ರಕ್ಕೆ ಪಾರ್ಕಿಂಗ್ ಕ್ಯಾಮೆರಾ ತೆಗೆದ ಫೋಟೊ ಅಳಿಸಿಹೋಗುವುದಿಲ್ಲ. ಚನ್ನಗಿರಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ತಿಮ್ಮೇಶನಿಗೆ ಇದು ಹೊಳೆದದ್ದು, ನೋಟಿಸಿನ ಫೋಟೊದಲ್ಲಿ ಬೈಕಿನ ಪಕ್ಕ ಜಿಲೇಬಿ ತಿನ್ನುತ್ತಿದ್ದ ಅವನನ್ನು ಹೆಂಡತಿ ಶೈಲಾ ನೋಡಿದಾಗ.

“ಶುಗರ್ ತೋರಿಸಾಕೆ ಹೋಗಿದ್ರಲ್ಲ, ಇದೇನಾ ಮಾತ್ರೆ?”

ದಂಡ ಕಟ್ಟಿದವನೇ ನೋಟಿಸು ಕಳಿಸಿದ ಕಚೇರಿಯಲ್ಲಿ ಎಗರಾಡಿದ: “ನನ್ನ ಮುಖ ಎಷ್ಟು ವರ್ಷ ಇಟ್ಕೊಂತೀರಿ? ಅಳಿಸ್ರೀ!”

ಗುಮಾಸ್ತೆ ದುರ್ಗಾಂಬಿಕಾ ನಕ್ಕಳು. “ಅಳಿಸಾಕೆ ನಮಗ್ಯಾರೂ ಹೇಳಿಲ್ಲಣ್ಣ. ನಿಮ್ಮ ಅಂಗಡಿ ಕಂಪ್ಯೂಟರಿನಾಗೆ ಜೆರಾಕ್ಸಿಗೆ ಕೊಟ್ಟ ನಮ್ಮನೆಯೋರ ಆಧಾರೆಲ್ಲಾ ಹಂಗೇ ಐತಲ್ಲ?”

ಇತ್ತು. ಗಿರಾಕಿಗಳು ಮತ್ತೆ ಬಂದರೆ ಬೇಕಾಗುತ್ತದೆಂದು ಆರು ವರ್ಷದಿಂದ ಊರವರ ಆಧಾರ್ ಕೂಡಿಟ್ಟ ಮಹಾನುಭಾವ ಅವನೇ. ಅಂಗಡಿಗೆ ಮರಳಿ ಅಳಿಸಲು ಕೂತ, ಸಂಜೆಯಾದರೂ ಮುಗಿಯಲಿಲ್ಲ.

ನೀವೂ ದಂಡ ಕಟ್ಟಿದಾಗ ಫೋಟೊ ಅಳಿಸುವ ದಿನಾಂಕವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಜೆರಾಕ್ಸ್ ಅಂಗಡಿಯವನನ್ನೂ ಬಿಡಬೇಡಿ.