ತೋಳಿನಿಂದ ನಾಲಿಗೆಗೆ

ನಾನು ಆಗ ದೇವದುರ್ಗದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಕೂಲಿ ಮಾಡುವ ನಮ್ಮ ಮನೆತನದಲ್ಲಿ ಅಕ್ಷರ ಕಲಿತವನು ನಾನೊಬ್ಬನೇ. ಹೆಂಡತಿ ಮಸರಕಲ್ಲಿನವಳು. ಸಣ್ಣವಳಿದ್ದಾಗ ಜ್ವರ ಬಂದು ಕೀಲುಗಳೆಲ್ಲ ಬಾತಿದ್ದವಂತೆ. ವಾಸಿಯಾದ ಮೇಲೆ ಎಲ್ಲರೂ ಅದನ್ನು ಮರೆತಿದ್ದರು. ನಮ್ಮ ಮೊದಲ ಕೂಸು ಹೊಟ್ಟೆಯಲ್ಲೇ ತೀರಿಕೊಂಡ ಮೇಲೆ ಅವಳ ಕಾಲು ಬಾತವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಿದ್ದಳು. ಬಾಣಂತಿ ನಂಜೆಂದು ಊರಿನ ವೈದ್ಯರು ಪಥ್ಯ ಹಿಡಿಸಿದರು. ಅವಳು ಸೊರಗಿದಳು, ಬಾವು ಮಾತ್ರ ಮೊಣಕಾಲು ದಾಟಿತು.

ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಆ ಹೊಗೆಯಲ್ಲಿ ಅವಳನ್ನು ಎದೆಗೆ ಒರಗಿಸಿಕೊಂಡು ರಾಯಚೂರಿನ ದವಾಖಾನೆಗೆ ಕರೆದೊಯ್ದೆ.

ಅಲ್ಲಿನ ಡಾಕ್ಟರು ಮಾನ್ವಿಯ ಅರ್ಚಕರ ಮನೆತನದವರು, ಹೈದರಾಬಾದಿನಲ್ಲಿ ಓದಿ ಬಂದವರು. ಅಂಥವರು ನಮ್ಮ ಕೇರಿಯ ಹೆಣ್ಣಿನ ಕೈ ಮುಟ್ಟುವುದನ್ನು ನಾನು ಕಂಡಿರಲಿಲ್ಲ. ಅವರು ಅವಳ ಮಣಿಕಟ್ಟು ಹಿಡಿದು ಬಹಳ ಹೊತ್ತು ಕೂತರು. ಗುಂಡಿಗೆಯೊಳಗಿನ ಒಂದು ಕವಾಟ ಆ ಹಳೆಯ ಜ್ವರದಿಂದ ಗಡುಸಾಗಿ ಕಿರಿದಾಗಿದೆ, ರಕ್ತ ಮುಂದೆ ಹೋಗಲಾರದೆ ಹಿಂದೆ ನಿಲ್ಲುತ್ತಿದೆ ಎಂದರು. ಪಾದರಸ ಬೆರೆಸಿದ ಹೊಸ ಇಂಜೆಕ್ಷನ್ ಬಂದಿದೆ, ಮೈಯಲ್ಲಿ ತುಂಬಿದ ನೀರನ್ನೆಲ್ಲ ಹೊರಗೆ ಹಾಕುತ್ತದೆ. ಆದರೆ ಅದರಿಂದ ಗುಂಡಿಗೆಗೆ ಎಷ್ಟು ಅನುಕೂಲವಾಯಿತೆಂದು ಅಳೆದು ನೋಡಬೇಕು ಎಂದರು.

ಅಳೆಯುವ ಬಗೆ ಅವರು ಹೊಸದಾಗಿ ಕಲಿತದ್ದು. ಸಕ್ಕರೆಗಿಂತ ಎಷ್ಟೋ ಪಟ್ಟು ಸಿಹಿಯಾದ ಔಷಧವನ್ನು ತೋಳಿನ ನರಕ್ಕೆ ಕೊಡುವುದು, ಆ ಸಿಹಿ ರಕ್ತದೊಡನೆ ನಾಲಿಗೆಗೆ ಬರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡುವುದು. ತಡವಾದಷ್ಟೂ ಗುಂಡಿಗೆ ಸೋತಿದೆಯೆಂದು ಅರ್ಥ. ಅವಳ ಹೆದರಿಕೆ ಹೋಗಲೆಂದು ಮೊದಲು ನನಗೇ ಚುಚ್ಚಿದರು. ಸೂಜಿ ತೆಗೆಯುವುದರೊಳಗೆ ನನ್ನ ಬಾಯಿ ಸಿಹಿಯಾಯಿತು. ಅವಳು ನಕ್ಕಳು.

ಆಮೇಲೆ ಅವಳ ಸರದಿ. "ನಾಲಿಗಿ ಸಿಹಿ ಆದ ಕೂಡಲೇ ಕೈ ಎತ್ತವ್ವಾ" ಎಂದು ಡಾಕ್ಟರು ಗಡಿಯಾರ ನೋಡುತ್ತ ನಿಂತರು. ಕೈ ಏಳಲಿಲ್ಲ. ಔಷಧ ಸರಿಯಾಗಿ ಹೋಗಿಲ್ಲವೇನೋ ಎಂದುಕೊಂಡೆ. ಕೊನೆಗೆ ಅವಳು ಕೈ ಎತ್ತಿದಾಗ ಡಾಕ್ಟರ ಮುಖ ಬಾಡಿತ್ತು. ಅದನ್ನು ನಾನು ನೋಡಿದೆ. ಅವಳೂ ನೋಡಿದ್ದಳು.

ಹೊಸ ಇಂಜೆಕ್ಷನ್ ಶುರುವಾಯಿತು. ಮೈಯ ನೀರು ಇಳಿಯಿತು, ಕಾಲುಂಗುರ ಸಡಿಲವಾದವು. ಒಂದು ಮಧ್ಯಾಹ್ನ ಅವಳು ದಿಂಬಿಗೆ ತಲೆಯಿಟ್ಟು ಮಲಗಿದ್ದಳು, ನಾನು ಮಾತಾಡಿಸದೆ ಪಕ್ಕದಲ್ಲಿ ಕೂತೆ. ಎರಡನೆಯ ಸಲ ಅಳೆದಾಗ ಅವಳು ಬೇಗನೆ ಕೈ ಎತ್ತಿದಳು. ಡಾಕ್ಟರು ಖುಷಿಯಾಗಿ ಅವಳನ್ನು ಮನೆಗೆ ಕಳಿಸಲು ಒಪ್ಪಿದರು.

ಊರಿಗೆ ಬಂದ ಸ್ವಲ್ಪ ದಿನಕ್ಕೇ ಬಾವು ಮರಳಿತು. ಮತ್ತೆ ರಾಯಚೂರಿಗೆ ಹೋಗೋಣ, ಮೊನ್ನೆ ಅಷ್ಟು ಬೇಗ ಸಿಹಿ ಬಂದಿತ್ತಲ್ಲ ಎಂದು ನಾನು ಧೈರ್ಯ ಹೇಳುತ್ತಿದ್ದಾಗ ಅವಳು ಗೋಡೆಗೆ ಒರಗಿ ಉಸಿರು ಎಳೆದುಕೊಂಡಳು.

"ಸಿಹಿ ಬಂದಿದ್ದಿಲ್ರಿ" ಎಂದಳು. "ಅವರು ನನ್ನ ಮಾರಿನ ನೋಡಾಕತ್ತಿದ್ರು. ಇಷ್ಟೆಲ್ಲಾ ಮಾಡ್ಯಾರ, ಇನ್ನೊಮ್ಮೆ ಅವರ ಮಾರಿ ಸಣ್ಣದಾಗೋದು ಬ್ಯಾಡ ಅಂತ ಎತ್ತಿಬಿಟ್ಟೆ. ಮನಿಗೂ ಬರಬೇಕಿತ್ತು."

ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಮರುದಿನವೇ ಹೊರಟೆವು. ಡಾಕ್ಟರು ಅದೇ ಇಂಜೆಕ್ಷನ್ ಕೊಟ್ಟರು, ಈ ಸಲ ನೀರು ಇಳಿಯಲಿಲ್ಲ. ಅಳೆಯುವ ಮಾತನ್ನು ಅವರು ಎತ್ತಲೇ ಇಲ್ಲ. ಸಂಜೆಯ ಬಿಸಿಲು ವಾರ್ಡಿನಲ್ಲಿ ಇನ್ನೂ ಇದ್ದಾಗ ಅವಳು ಕೂತಲ್ಲಿಯೇ ನನ್ನ ಭುಜಕ್ಕೆ ಒರಗಿ ಹೋದಳು. ನಿದ್ದೆ ಹತ್ತಿತೆಂದು ನಾನು ಅಲುಗಾಡದೆ ಕೂತಿದ್ದೆ.

ಮಣ್ಣು ಮಾಡಿದ ಮೇಲೆ ಡಾಕ್ಟರ ಹತ್ತಿರ ಹೋಗಿ ಅವಳು ಕೈ ಎತ್ತಿದ ಸಂಗತಿ ಹೇಳಿದೆ. ಅವರು ತಲೆ ತಗ್ಗಿಸಿಕೊಂಡು ಕೇಳಿದರು.

"ಖರೇ ಹೇಳಿದ್ದರೂ ಇನ್ನೊಂದಿಷ್ಟು ದಿನ ಇಲ್ಲೇ ಇಟ್ಟುಕೊಳ್ತಿದ್ದೆ, ಅಷ್ಟ" ಎಂದರು. "ಅಳಿಯಾಕ ಕಲ್ತೀನಿ ಮಾಸ್ತರ. ಮುಚ್ಚಿದ್ದನ್ನ ತೆಗಿಯಾಕ ನನಗ ಬರಂಗಿಲ್ಲ. ಯಾರಿಗೂ ಬರಂಗಿಲ್ಲ."

ಮಸರಕಲ್ಲಿನಿಂದ ಬಂದ ಅವಳ ತಾಯಿ, ಅಷ್ಟು ದೊಡ್ಡ ದವಾಖಾನೆಯಲ್ಲಿ ಏನು ಮಾಡಿದರೆಂದು ಕೇಳುತ್ತಲೇ ಇದ್ದಳು. ಅವಳಿಗೆ ತಿಳಿಯುವಂತೆ ಹೇಳಲು ನನ್ನಿಂದ ಆಗಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ನನಗೆ ಮಾನ್ವಿಗೆ ವರ್ಗವಾಗಿತ್ತು. ರಜೆಗೆ ತಮ್ಮ ಊರಿಗೆ ಬಂದಿದ್ದ ಡಾಕ್ಟರು ದಾರಿಯಲ್ಲಿ ಸಿಕ್ಕರು. ಹೊರದೇಶದಲ್ಲಿ ಎದೆ ಕೊಯ್ದು, ಬಡಿಯುತ್ತಿರುವ ಗುಂಡಿಗೆಯೊಳಗೆ ಬೆರಳು ಹಾಕಿ, ಆ ಕವಾಟವನ್ನು ಬಿಡಿಸುತ್ತಿದ್ದಾರಂತೆ, ಕೆಲವರು ಬದುಕಿದ್ದಾರಂತೆ ಎಂದರು. ಹೇಳಿದ ಮೇಲೆ, ಯಾಕಾದರೂ ಹೇಳಿದೆನೋ ಎನ್ನುವಂತೆ ನಿಂತರು. ನಾನು ಕೈ ಮುಗಿದು ಮುಂದೆ ನಡೆದೆ. ಅಂದು ಮನೆಯಲ್ಲಿ ಒಲೆ ಹಚ್ಚಲಿಲ್ಲ.