ಪಟ್ಟಿಯಿಂದ ತೆಗೆದ ಹೆಸರು

ಶಿರಸಿಯ ಒಂದು ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ನಾನು ಹದಿನಾರು ವರ್ಷ ಕೂತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ತಿಂಗಳಿಗೊಂದು ಭಾನುವಾರ ಹುಬ್ಬಳ್ಳಿಯಿಂದ ಹೃದಯದ ಡಾಕ್ಟರು ಬರಲು ಶುರು ಮಾಡಿದರು. ಅವರ ವ್ಯಾನಿನಲ್ಲಿ ಕಂಬಳಿ ಸುತ್ತಿಕೊಂಡು ಎಕೋ ಯಂತ್ರವೂ ಬರುತ್ತಿತ್ತು. ಎದೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಸಾಧನವೊಂದನ್ನು ಅಲ್ಲಲ್ಲಿ ಒತ್ತಿದರೆ ಬಡಿಯುತ್ತಿರುವ ಹೃದಯ ಪರದೆಯ ಮೇಲೆ ಕಾಣುತ್ತಿತ್ತು. ದಿನಕ್ಕೆ ಇಪ್ಪತ್ತು ಜನರನ್ನು ಮಾತ್ರ ನೋಡುತ್ತಿದ್ದರು. ಆ ಇಪ್ಪತ್ತು ಜನ ಯಾರು ಎನ್ನುವ ಪಟ್ಟಿಯನ್ನು ಬರೆಯುವವಳು ನಾನು. ಜನ ನನ್ನನ್ನು 'ಮೇಡಂ' ಎಂದು ಕರೆಯುತ್ತಿದ್ದರು. ನನಗೆ ಅದು ಹಿಡಿಸಿತ್ತು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಯಲ್ಲಾಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಭಾವ ಅಲ್ಲೇ ಪ್ರಾಥಮಿಕ ಶಾಲೆಯ ಮಾಸ್ತರರು. ಒಂದು ಚಳಿಗಾಲ ಅಕ್ಕಿ ತೊಳೆಯುವಾಗ ಅವಳ ಬೆರಳುಗಳು ಮೇಣದಬತ್ತಿಯ ಹಾಗೆ ಬೆಳ್ಳಗಾದವು, ಆಮೇಲೆ ನೀಲಿಯಾದವು. ಬಿಸಿನೀರಿನಲ್ಲಿ ಅದ್ದಿದರೆ ಕೆಂಪಗಾಗಿ ಉರಿಯುತ್ತಿದ್ದವು. ಕ್ಲಾಸಿನ ಹುಡುಗಿಯರು ನಕ್ಕರು, ಅವಳೂ ನಕ್ಕಳು. ಎರಡು ವರ್ಷದಲ್ಲಿ ಬೆರಳಿನ ಚರ್ಮ ಬಿಗಿದು ಸೂಜಿ ಹಿಡಿಯಲು ಬರದಂತಾಯಿತು. ಮದುವೆಯ ಉಂಗುರವನ್ನು ಅಕ್ಕಸಾಲಿಗನೇ ಕತ್ತರಿಸಿ ತೆಗೆಯಬೇಕಾಯಿತು.

ಮುಖದ ಚರ್ಮವೂ ಬಿಗಿಯಿತು. ಸುಕ್ಕೆಲ್ಲ ಮಾಯವಾಗಿ ಅವಳು ಚಿಕ್ಕವಳಂತೆ ಕಾಣತೊಡಗಿದಳು. ಕಾನಸೂರಿನಲ್ಲಿ ಒಂದು ಮದುವೆಯಲ್ಲಿ ನೆಂಟರ ಹೆಂಗಸೊಬ್ಬಳು ಅವಳ ಗಲ್ಲ ಸವರಿ, "ನಿಂಗೆ ವಯಸ್ಸೇ ಆಗ್ತಿಲ್ಲೆ ನೋಡು, ಎಂತ ಹಚ್ಕತ್ತೆ ಮುಖಕ್ಕೆ?" ಎಂದು ಕೇಳಿದಳು. ಅಕ್ಕ ಎಲೆಯ ಮೇಲಿನ ಲಾಡುವನ್ನು ಪುಡಿ ಮಾಡುತ್ತಿದ್ದಳು. ಅವಳ ಬಾಯಿ ಆಗಲೇ ಲಾಡು ಕಚ್ಚುವಷ್ಟು ತೆರೆಯುತ್ತಿರಲಿಲ್ಲ.

ಚರ್ಮದ ಡಾಕ್ಟರುಗಳ ಮುಲಾಮು ಮುಗಿದ ಮೇಲೆ ಅವಳನ್ನು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಒಬ್ಬ ಡಾಕ್ಟರು, ವಯಸ್ಸಿನಲ್ಲಿ ಸಣ್ಣ ಹೆಂಗಸು, ನಮ್ಮನ್ನು ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದರು. ಇದಕ್ಕೆ ಸ್ಕ್ಲೀರೋಡರ್ಮಾ ಎನ್ನುತ್ತಾರೆ. ಇದು ಬರೀ ಚರ್ಮದ ರೋಗವಲ್ಲ. ದೇಹವನ್ನು ಹಿಡಿದು ಕಟ್ಟಿರುವ ಅಂಗಾಂಶವೇ ಒಳಗೆಲ್ಲ ಗಡಸಾಗುತ್ತದೆ. ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳು ಕಿರಿದಾಗಿ ಹೃದಯದ ಬಲಭಾಗಕ್ಕೆ ಭಾರ ಬೀಳುತ್ತದೆ. ಏದುಸಿರು ಬರುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಎಕೋ ಮಾಡಿಸಬೇಕು. 'ತೊಂದರೆ ಇಲ್ಲದಿದ್ದರೂ' ಎನ್ನುವುದನ್ನು ಅವರು ಎರಡು ಸಲ ಹೇಳಿದರು, ಚೀಟಿಯಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದರು. ನಾನು ಧೈರ್ಯವಾಗಿ, "ಅದಕ್ಕೇನು, ಎಕೋ ನಮ್ಮಲ್ಲೇ ಮಾಡ್ತಾರೆ, ನಾನೇ ಮಾಡಿಸ್ತೇನೆ" ಎಂದೆ.

ಮೊದಲ ವರ್ಷ ಮಾಡಿಸಿದೆ. ಎಲ್ಲ ಸರಿಯಾಗಿತ್ತು.

ಎರಡನೇ ವರ್ಷ ಅಕ್ಕ ಒಳಗೆ ಹೋದಾಗ ಡಾಕ್ಟರು ಹಳೆಯ ರಿಪೋರ್ಟು ತಿರುವಿ ನನ್ನನ್ನು ಕರೆದರು. ಬಾಗಿಲು ತೆರೆದೇ ಇತ್ತು, ಹೊರಗೆ ಜನ ಕೂತಿದ್ದರು.

"ಹೋದ ವರ್ಷ ನಾರ್ಮಲ್ ಐತಲ್ರೀ. ಎದಿನೋವು ಇಲ್ಲ, ದಮ್ಮು ಇಲ್ಲ. ಚರ್ಮದ ರೋಗಕ್ಕ ಹಾರ್ಟ್ ಯಾಕ್ ನೋಡ್ಬೇಕು? ಹೊರಗ ನಿಜವಾದ ಪೇಷಂಟ್ ಕಾಯಾಕತ್ತಾರ."

ಆ ಚೀಟಿ ಫೈಲಿನಲ್ಲಿತ್ತು. ತೆಗೆದು ತೋರಿಸಬಹುದಿತ್ತು. ನಾನು, "ನಮ್ಮಕ್ಕ ಸರ್, ಅದಕ್ಕೇ..." ಎಂದು ಏನೋ ತೊದಲಿದೆ. ಹೊರಗಿನವರು, ಮನೆಯವರಿಗೆ ಮೊದಲು ಜಾಗ ಕೊಡುತ್ತಾಳೆ ಎಂದುಕೊಳ್ಳುತ್ತಾರೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಅಕ್ಕ ಆಗಲೇ ಮಂಚದಿಂದ ಇಳಿದು ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. "ಅಡ್ಡಿಲ್ಲೆ ತಂಗಿ, ಬ್ಯಾರೆಯವಕ್ಕೆ ಕೊಡು" ಎಂದಳು.

ಅಷ್ಟಕ್ಕೇ ನಿಂತಿದ್ದರೆ ತಪ್ಪನ್ನು ಡಾಕ್ಟರ ಮೇಲೆ ಹಾಕಿ ಹಗುರಾಗಬಹುದಿತ್ತು. ಅವರು ಹೃದಯ ಕಲಿತವರು, ಈ ರೋಗದವರನ್ನು ಎಷ್ಟು ಜನರನ್ನು ನೋಡಿದ್ದರೋ. ನನಗೆ ಮಾತ್ರ ಗೊತ್ತಿತ್ತು. ಮರುವರ್ಷ ಅವಳ ಹೆಸರು ಬರೆದೆ. ಭಾನುವಾರ ಬೆಳಿಗ್ಗೆ ಊರಿನ ದೊಡ್ಡ ಮನುಷ್ಯರೊಬ್ಬರು ತಮ್ಮ ಬೀಗರನ್ನು ಕರೆತಂದು, "ಒಂದು ಜಾಗ ಮಾಡಿಕೊಡಿ" ಎಂದರು. ಇಪ್ಪತ್ತೂ ತುಂಬಿತ್ತು. ನಾನು ಅಕ್ಕನ ಹೆಸರಿಗೆ ಗೆರೆ ಹಾಕಿ ಪಕ್ಕದಲ್ಲಿ ಬೀಗರ ಹೆಸರು ಬರೆದೆ. ಅಕ್ಕ ಅಷ್ಟು ಹೊತ್ತಿಗೆ ಯಲ್ಲಾಪುರದಿಂದ ಮೊದಲ ಬಸ್ಸಿಗೆ ಬಂದು ಬೆಂಚಿನ ಮೇಲೆ ಕೂತಿದ್ದಳು.

"ಇವತ್ತು ಮಷಿನ್ ಸರಿ ಇಲ್ಲೆ ಅಕ್ಕ. ಮುಂದಿನ ತಿಂಗ್ಳು ನೋಡನ" ಎಂದೆ.

"ಹೌದಾ? ಹಂಗಾರೆ ಹೋಗ್ತೆ" ಎಂದು ಎದ್ದಳು.

ಮುಂದಿನ ತಿಂಗಳು ಅವಳು ಬರಲಿಲ್ಲ. ನಾನೂ ಕರೆಯಲಿಲ್ಲ.

ಮಳೆಗಾಲ ಕಳೆದ ಮೇಲೆ ಅವಳು ಹೊಲಿಗೆ ಕ್ಲಾಸು ನಿಲ್ಲಿಸಿದ ಸುದ್ದಿ ಬಂತು. ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಸುಸ್ತಾಗುತ್ತದೆ ಎಂದು ಭಾವ ಫೋನಿನಲ್ಲಿ ಹೇಳಿದರು. "ರಕ್ತ ಕಡ್ಮೆ ಅಡ, ಕಬ್ಬಿಣದ ಮಾತ್ರೆ ಕೊಟ್ಟಿದ್ದೊ." ನಾನು ಹೌದೆಂದೆ. ದೀಪಾವಳಿಗೆ ಹೋದಾಗ ನೋಡಿದರೆ ಅವಳು ನಾಲ್ಕು ಮೆಟ್ಟಿಲು ಹತ್ತಿ ನಿಂತು ಸೀರೆಯ ನೆರಿಗೆ ಸರಿಮಾಡುವಂತೆ ನಟಿಸುತ್ತಿದ್ದಳು. ನೆರಿಗೆ ಸರಿಯಾಗಿಯೇ ಇತ್ತು. ತುಟಿ ನೀಲಿಯಾಗಿತ್ತು.

ಡಾಕ್ಟರು ಬರುವ ಮುಂದಿನ ಭಾನುವಾರ ಪಟ್ಟಿಯಲ್ಲಿ ಮೊದಲನೆಯ ಹೆಸರು ಅವಳದು. ಡಾಕ್ಟರು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ಪರದೆ ನೋಡಿದರು. ಕೋಣೆಯ ತಂಪಿಗೆ ಅವಳ ಬೆರಳುಗಳು ಬೆಳ್ಳಗಾಗುತ್ತಿದ್ದವು, ನಾನು ಅವನ್ನು ನನ್ನ ಅಂಗೈಯಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಹೃದಯದ ಬಲಗಡೆಯ ಕೋಣೆ ಊದಿಕೊಂಡಿತ್ತು. ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಒತ್ತಡ ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

"ಇಷ್ಟು ದಿನ ಯಾಕ್ ಬಿಟ್ರೀ? ವರ್ಷಾ ವರ್ಷಾ ಮಾಡಿಸ್ಬೇಕಂತ ಯಾರೂ ಹೇಳಿಲ್ಲೇನು ನಿಮಗ?"

ಅವರಿಗೆ ತಾವೇ ಆಡಿದ ಮಾತು ನೆನಪಿರಲಿಲ್ಲ. ಅಕ್ಕ ನನ್ನ ಮುಖ ನೋಡಿದಳು, ಆಮೇಲೆ ಅವರ ಕಡೆ ತಿರುಗಿ, "ಇಲ್ಲ ಡಾಕ್ಟ್ರೇ, ಯಾರೂ ಹೇಳಿರಲಿಲ್ಲ" ಎಂದಳು.

ಅವಳು ಅಲ್ಲಿಂದ ಒಂದೂವರೆ ವರ್ಷ ಬದುಕಿದಳು. ಮಾತ್ರೆ ಕೊಟ್ಟರು, ಮನೆಗೆ ಆಕ್ಸಿಜನ್ ಸಿಲಿಂಡರು ತಂದರು. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬು ಒಟ್ಟಿಕೊಂಡು ಕೂತೇ ಇರುತ್ತಿದ್ದಳು. ಕೊನೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಭಾವ ಪೇಟೆಗೆ ಹೋದ ಮೇಲೆ ನಾನು ಬಾಯಿ ಬಿಟ್ಟೆ.

"ಅಕ್ಕ, ಅವತ್ತು ಮಷಿನ್ ಸರಿ ಇತ್ತು. ನಿನ್ನ ಹೆಸರು ತೆಗೆದದ್ದು ಆನೇ, ಇದೇ ಕೈಯಲ್ಲಿ."

"ಎಂಗೆ ಅವತ್ತೇ ಗೊತ್ತಿತ್ತು" ಎಂದಳು. "ಬೆಂಚಿನ ಮೇಲೆ ಕೂತವಕ್ಕೆ ಕಾಣ್ತಿಲ್ಯನೇ? ಒಬ್ಬೊಬ್ಬರೇ ಒಳಗೆ ಹೋಗ್ತಾ ಇದ್ದಿದ್ದ."

"ಮತ್ತೆ ಎಂತಕ್ಕೆ ಕೇಳಿದ್ದಿಲ್ಲೆ?"

"ನೀನು ಸುಳ್ಳು ಹೇಳಿದ್ಯಲೇ. ಇನ್ನೆಂತ ಕೇಳದು?"

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಇಲ್ಲವೇ ಸಮಾಧಾನ ಹೇಳುತ್ತಾಳೆ ಎಂದು. ಎರಡನ್ನೂ ಮಾಡಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ, "ಫ್ಯಾನ್ ಸಣ್ಣ ಮಾಡು, ಬೆರಳು ಜೋಮು ಹಿಡಿತು" ಎಂದಳು. ಮಳೆ ಬೀಳುವ ಮೊದಲೇ ಹೋದಳು.

ಅದಾದ ಮೇಲೂ ನಾನು ಅದೇ ಕುರ್ಚಿಯಲ್ಲಿ ಕೂತೆ. ಆದರೆ ಲೂಪಸ್ಸೋ ಸ್ಕ್ಲೀರೋಡರ್ಮಾವೋ, ಇಂಥ ಮೈಯೆಲ್ಲ ಹಬ್ಬುವ ರೋಗ ಇರುವವರು ಬಂದರೆ ಎಕೋ ಮಾಡಿಸದೆ ಬಿಡುತ್ತಿರಲಿಲ್ಲ. ತ್ಯಾಗಲಿಯ ಕಡೆಯ ಹುಡುಗಿಯೊಬ್ಬಳು ಬಂದಳು, ಹತ್ತೊಂಬತ್ತು ವಯಸ್ಸು, ಲೂಪಸ್ಸಿನಿಂದ ಕೆನ್ನೆಯ ಮೇಲೆ ಕೆಂಪು ಹರಡಿತ್ತು, ಕೈಕಾಲಿನ ಗಂಟು ಊದಿತ್ತು. ಹೃದಯಕ್ಕೂ ಏನಾದರೂ ಆಗಿದೆಯೋ ನೋಡಬೇಕೆಂದು ನಾನು ಡಾಕ್ಟರ ಜೊತೆ ವಾದ ಮಾಡಿದೆ. ಮೊದಲ ಸಲ ದನಿ ಎತ್ತಿ ಮಾತಾಡಿದೆ. ಅವರು ಮುಖ ಸಿಂಡರಿಸಿಕೊಂಡೇ ಎಕೋ ಮಾಡಿದರು. ಏನೂ ಇರಲಿಲ್ಲ.

ಹುಡುಗಿಯ ಅಪ್ಪ ರಿಪೋರ್ಟು ಹಿಡಿದು ಕೌಂಟರಿಗೆ ಬಂದ.

"ಎಂತ ಅಕ್ಕೋರೇ, ಹಾರ್ಟು ಹಾರ್ಟು ಅಂತ ಹೆದರಿಸಿಬಿಟ್ರಲ್ಲ. ನೀವು ಹೆಸರು ಬರ್ಕಂಡ ಮೇಲೆ ಇವಳ ಅವ್ವ ಎರಡು ದಿನ ಊಟ ಮಾಡ್ಲಿಲ್ಲ. ಎಂತದೂ ಇಲ್ಲ ಅಂದ್ರು. ಮದುವೆ ಆಗ್ಬೇಕಾದ ಹುಡುಗಿ, ಊರಲ್ಲಿ ಸುದ್ದಿ ಆದ್ರೆ ಯಾರು ಮಾಡ್ಕಳ್ತಾರೆ?"

ಈಗ ಏನೂ ಇಲ್ಲದಿರುವುದೇ ಒಳ್ಳೆಯದು, ಮುಂದಿನ ವರ್ಷ ಮತ್ತೆ ನೋಡಬೇಕು ಎಂದೆ. ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿ ಮಗಳ ರಟ್ಟೆ ಹಿಡಿದು ಹೊರಟ.

ವರ್ಷ ತಿರುಗಿದ ಮೇಲೆ ಅವಳಿಗೆ ಎರಡು ಕಾರ್ಡು ಬರೆದೆ. ಉತ್ತರ ಬರಲಿಲ್ಲ. ಸಿದ್ದಾಪುರದ ಬಸ್ಸಿನಲ್ಲಿ ಅವರ ಊರಿನವರೊಬ್ಬರು ಸಿಕ್ಕಾಗ ಕೇಳಿದೆ. ಮದುವೆಯಾಗಿದೆ, ಕೊಟ್ಟ ಕಡೆ ರೋಗದ ವಿಷಯ ಹೇಳಿಲ್ಲ, ನೀವು ಹೀಗೆ ಕಾಗದ ಬರೆಯಬೇಡಿ ಎಂದರು. ಅವಳನ್ನು ಯಾವ ಊರಿಗೆ ಕೊಟ್ಟರು ಎಂದು ಕೇಳುವಷ್ಟರಲ್ಲಿ ಅವರು ಇಳಿಯುವ ಜಾಗ ಬಂತು.