ಹೊಂದಿಕೆಯಾದ ಕಾರ್ಟ್ರಿಜ್

ನಾಗಪುರದ ಸದರ್ ಬಡಾವಣೆಯಲ್ಲಿ ಬ್ಯಾಂಕ್ ಗುಮಾಸ್ತರಾಗಿದ್ದ ಗುರುಸಿದ್ದಪ್ಪನವರು 1998ರಲ್ಲಿ ತಮ್ಮ ರೆಕಾರ್ಡ್ ಪ್ಲೇಯರಿಗೆ ಹೊಸ ಕಾರ್ಟ್ರಿಜ್, ಅಂದರೆ ಸೂಜಿ ಹಿಡಿದುಕೊಳ್ಳುವ ಪುಟ್ಟ ಡಬ್ಬಿ, ತಂದರು. ಪ್ಲೇಯರಿನ ಹಳೆಯ ತೋಳು ಅದರ ಭಾರ ತಾಳದೆ ತೋಳೂ ಬದಲಾಯಿತು. ದನಿ ಸಣ್ಣದಾಯಿತೆಂದು, ಅದನ್ನು ಏರಿಸಲು ಪ್ರಿಆಂಪ್ ಬಂತು. ಪ್ರಿಆಂಪ್ ಗುಂಯ್ ಅಂದಾಗ ಸಂಶಯ ಮತ್ತೆ ಕಾರ್ಟ್ರಿಜ್ ಮೇಲೇ ಹೋಯಿತು. ಹೀಗೆ ಆರು ವರ್ಷ ಆ ಮನೆಯಲ್ಲಿ ಯಾವ ಹಾಡೂ ಎರಡನೇ ಚರಣ ದಾಟಲಿಲ್ಲ.

ನಿವೃತ್ತಿಯ ದಿನ ಹೆಂಡತಿ ಗೌರಮ್ಮ ಅಂದರು, “ಇವತ್ತರ ಒಂದು ಹಾಡು ಪೂರಾ ಕೇಳೂಣ್ರಿ. ನೀವು ಕೈ ಕಟ್ಟಿ ಕೂಡ್ರಿ.”

ಕೂತರು. ಗುಂಯ್ ಇಲ್ಲ, ಎಲ್ಲ ಬರೋಬರ್. ಎರಡನೇ ಚರಣವೂ ದಾಟಿತು. ಗುರುಸಿದ್ದಪ್ಪನವರ ಹಣೆ ಬೆವರಿತು.

“ಯಾಕ್ರಿ, ಚಲೋ ಐತಲ್ಲ?”

“ಐತಿ. ನಾಳಿಂದ ನಾ ಏನ್ ಮಾಡ್ಲಿ?” ಎನ್ನುತ್ತ ಎದ್ದು ತೋಳಿನ ಹಿಂತುದಿಯ ತೂಕದ ಬಿಲ್ಲೆಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಸೂಜಿ ಜಾರಿತು. ಅವರ ಮುಖಕ್ಕೆ ಕಳೆ ಬಂತು.